ಹೊಸ ಮುಖದ ಸಣ್ಣ ಕಾರು: ಬೆಲೆಗೆ ತಕ್ಕುದೇ?



ಮಧ್ಯಮ ವರ್ಗದ ಕುಟುಂಬವೊಂದು ಮನೆ ಕಟ್ಟಿದ ಮೇಲೆ ಮಾಡುವ ದೊಡ್ಡ ಖರ್ಚೆಂದರೆ ಬಹುಮಟ್ಟಿಗೆ ಕಾರಿನದೇ. ಹಲವು ವರ್ಷಗಳ ಉಳಿತಾಯವೂ ಮುಂದಿನ ಹಲವು ವರ್ಷಗಳ ಕಂತೂ ಅದರಲ್ಲಿ ಸೇರಿರುತ್ತವೆ. ಇಷ್ಟಾದರೂ ಎಷ್ಟೋ ಮನೆಗಳಲ್ಲಿ ಈ ತೀರ್ಮಾನ ಶೋರೂಮಿನ ದೀಪದ ಬೆಳಕಿನಲ್ಲಿ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಕೂಡುವ, ಕಳೆಯುವ ಲೆಕ್ಕ ಬಲ್ಲ ನೀವು ಇಲ್ಲಿ ಮನೆಯವರಿಗೆ ನೆರವಾಗಬಹುದು. ಅದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲಿಗೆ, ‘ಫೇಸ್‌ಲಿಫ್ಟ್’ ಎಂದರೇನು? ಕಾರಿನ ಬಾಗಿಲು, ಛಾವಣಿಗಳನ್ನು ಉಕ್ಕಿನ ತಗಡಿನಿಂದ ಒತ್ತಿ ತೆಗೆಯುವ ಅಚ್ಚುಗಳಿಗೆ ಅಪಾರ ಹಣ ಬೇಕು. ಆದ್ದರಿಂದ ಕಂಪನಿಗಳು ಅವುಗಳನ್ನು ಹಲವು ವರ್ಷ ಬದಲಿಸುವುದಿಲ್ಲ. ಬಂಪರು, ಗ್ರಿಲ್ಲು, ದೀಪ, ಸೀಟಿನ ಬಟ್ಟೆ ಇವುಗಳನ್ನು ಬದಲಿಸುವುದು ಅದಕ್ಕಿಂತ ಅಗ್ಗ. ಮಾದರಿ ಹಳತೆನಿಸತೊಡಗಿದಾಗ ಇಷ್ಟನ್ನು ಬದಲಿಸಿ ಮತ್ತೆ ಮಾರುಕಟ್ಟೆಗೆ ತರುವುದೇ ಫೇಸ್‌ಲಿಫ್ಟ್.

ಮಾರುತಿ 800 ಕಾರಿನ ಕಥೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಆ ಕಾರಿನ ಒಡಲೇ 1986ರಲ್ಲಿ ಬದಲಾಯಿತು. ಅದು ನಿಜವಾದ ಹೊಸ ಮಾದರಿ. 1997ರಲ್ಲಿ ಬದಲಾದದ್ದು ಮುಖ್ಯವಾಗಿ ಮುಖ. ಎರಡನ್ನೂ ಜನ ‘ಹೊಸ ಮಾರುತಿ’ ಎಂದೇ ಕರೆದರು.

ಈಗ ಹತ್ತಿರದ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಟಾಟಾ ಟಿಯಾಗೊ 2016ರಲ್ಲಿ ಬಿಡುಗಡೆಯಾಯಿತು. ಆರಂಭದ ಬೆಲೆ ಸುಮಾರು 3.20 ಲಕ್ಷ ರೂಪಾಯಿ. 2020ರ ಜನವರಿಯಲ್ಲಿ ಹೊಸ ಮುಖದೊಡನೆ ಬಂದಾಗ ಆರಂಭದ ಬೆಲೆ 4.60 ಲಕ್ಷ. ಈ ಹೆಚ್ಚಳಕ್ಕೆ ಸಿಕ್ಕಿದ್ದೇನು?

ಅಳತೆಯಿಂದ ತೊಡಗೋಣ. ಕಾರಿನ ಉದ್ದ 3,746 ಮಿಲಿಮೀಟರಿನಿಂದ 3,765ಕ್ಕೆ ಏರಿತು. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ, ಅಂದರೆ ವೀಲ್‌ಬೇಸ್, 2,400 ಮಿಲಿಮೀಟರಿನಲ್ಲಿಯೇ ಉಳಿಯಿತು. ಬೆಳೆದದ್ದು ಕಾರಿನ ತುದಿ. ಹಿಂದಿನ ಸೀಟಿನಲ್ಲಿ ಕಾಲು ಚಾಚುವ ಜಾಗವಲ್ಲ. ಉದ್ದವೊಂದನ್ನೇ ನೋಡಿದವರಿಗೆ ಇದು ತಿಳಿಯುವುದಿಲ್ಲ.

ಎರಡನೆಯದು ಎಂಜಿನ್. 1,199 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಆದರೆ 2020ರ ಏಪ್ರಿಲ್ 1ರಿಂದ ಕಡ್ಡಾಯವಾಗಲಿದ್ದ ಬಿಎಸ್-6 ಮಾಲಿನ್ಯ ನಿಯಮಕ್ಕೆ ಅದನ್ನು ಹೊಂದಿಸಲಾಯಿತು. ಪೆಟ್ರೋಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ ಆ ನಿಯಮದಲ್ಲಿ 80 ಮಿಲಿಗ್ರಾಮಿನಿಂದ 60ಕ್ಕೆ ಇಳಿದಿದೆ. ಇದು ಕಣ್ಣಿಗೆ ಕಾಣದ ಬದಲಾವಣೆ, ಆದರೆ ನಾವೆಲ್ಲ ಉಸಿರಾಡುವ ಗಾಳಿಗೆ ಸೇರಿದ್ದು. ಇದೇ ಹೊತ್ತಿಗೆ ಡೀಸೆಲ್ ಎಂಜಿನ್ ನಿಂತುಹೋಯಿತು. ಅಂದಮೇಲೆ ಫೇಸ್‌ಲಿಫ್ಟಿನಲ್ಲಿ ಕೂಡುವುದಷ್ಟೇ ಅಲ್ಲ, ಕಳೆಯುವುದೂ ಉಂಟು.

ಮೂರನೆಯದು ಸುರಕ್ಷತೆ. ಮೊದಲ ಟಿಯಾಗೊಗಳೆಲ್ಲಕ್ಕೂ ಏರ್‌ಬ್ಯಾಗ್ ಇರಲಿಲ್ಲ. 2020ರ ಕಾರಿನಲ್ಲಿ ಅತಿ ಅಗ್ಗದ ಮಾದರಿಗೂ ಎರಡು ಇದ್ದವು. ಅದೇ ಜನವರಿಯಲ್ಲಿ ಪ್ರಕಟವಾದ ಗ್ಲೋಬಲ್ ಎನ್‌ಸಿಎಪಿ ಡಿಕ್ಕಿ ಪರೀಕ್ಷೆಯಲ್ಲಿ ಟಿಯಾಗೊಗೆ ದೊಡ್ಡವರ ರಕ್ಷಣೆಗೆ 4, ಮಕ್ಕಳ ರಕ್ಷಣೆಗೆ 3 ನಕ್ಷತ್ರ ದೊರೆತವು. ಆಗ ಕಾನೂನು ಕೇಳುತ್ತಿದ್ದದ್ದು ಚಾಲಕನ ಏರ್‌ಬ್ಯಾಗ್ ಒಂದನ್ನೇ. ಆದ್ದರಿಂದ ಎರಡನೆಯದು ನಿಜವಾದ ಹೆಚ್ಚುವರಿ. ಇಂದು ಎರಡೂ ಕಡ್ಡಾಯ. ಈಗ ಯಾರಾದರೂ “ಎರಡು ಏರ್‌ಬ್ಯಾಗ್ ಕೊಡುತ್ತಿದ್ದೇವೆ” ಎಂದು ಹೊಗಳಿಕೊಂಡರೆ ಕಾನೂನನ್ನೇ ಮಾರುತ್ತಿದ್ದಾರೆ ಎಂದು ತಿಳಿಯಿರಿ. ನಕ್ಷತ್ರಗಳನ್ನೂ ಇಸವಿಯೊಡನೆ ಓದಬೇಕು. 2022ರಲ್ಲಿ ಗ್ಲೋಬಲ್ ಎನ್‌ಸಿಎಪಿ ತನ್ನ ನಿಯಮಗಳನ್ನು ಬಿಗಿಗೊಳಿಸಿತು; 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಸಿಎಪಿ ಜಾರಿಗೆ ಬಂದಿದೆ. ಹಳೆಯ ನಿಯಮದ 4 ನಕ್ಷತ್ರ ಹೊಸ ನಿಯಮದ 4ಕ್ಕೆ ಸಮವಲ್ಲ.

ಹಾಗಾದರೆ ಆ ಕಾರು ಬೆಲೆಗೆ ತಕ್ಕುದಾಗಿತ್ತೇ? ಪೆಟ್ರೋಲ್ ಕಾರನ್ನೇ ಬಯಸಿ, ಮನೆಯವರ ರಕ್ಷಣೆಗೆ ಬೆಲೆ ಕೊಡುವವರಿಗೆ ಹೌದು. ಹೆಚ್ಚಿನ ಜಾಗ ಬೇಕೆಂದವರಿಗೆ, ಡೀಸೆಲ್ ಬೇಕೆಂದವರಿಗೆ ಅಲ್ಲ. ಬೆಲೆಗೆ ತಕ್ಕುದು ಎಂಬುದು ಕಾರಿನ ಗುಣ ಮಾತ್ರವಲ್ಲ. ಕೊಳ್ಳುವವರ ಅಗತ್ಯಕ್ಕೂ ಕಾರಿಗೂ ಇರುವ ಸಂಬಂಧ.

ಇನ್ನು ಲೆಕ್ಕದ ಪುಸ್ತಕ ತೆರೆಯೋಣ. ಹಳೆಯ ಮುಖದ ಕಾರಿಗಿಂತ ಹೊಸದು 50,000 ರೂಪಾಯಿ ಹೆಚ್ಚು, ಆದರೆ ಲೀಟರಿಗೆ 18ರ ಬದಲು 20 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 900 ಕಿಲೋಮೀಟರಿನಂತೆ ವರ್ಷಕ್ಕೆ 10,800 ಕಿಲೋಮೀಟರ್. ಹಳೆಯದಕ್ಕೆ 600 ಲೀಟರ್, ಹೊಸದಕ್ಕೆ 540. ಉಳಿತಾಯ 60 ಲೀಟರ್. ಲೀಟರಿಗೆ 100 ರೂಪಾಯಿ ಎಂದರೆ ವರ್ಷಕ್ಕೆ 6,000. ಹೆಚ್ಚು ಕೊಟ್ಟ ಹಣ ಹಿಂದಿರುಗಲು ಎಂಟು ವರ್ಷಕ್ಕೂ ಮೀರಿ ಬೇಕು! ಮೈಲೇಜಿಗಾಗಿಯೇ ಕೊಳ್ಳುವುದಾದರೆ ಇದು ಲಾಭವಲ್ಲ.

ಕಂತಿನ ಲೆಕ್ಕವೂ ಹೀಗೆಯೇ. ಶೇಕಡಾ 9ರ ಬಡ್ಡಿಗೆ 5 ಲಕ್ಷ ಸಾಲ ಪಡೆದರೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 10,380 ರೂಪಾಯಿ. ಏಳು ವರ್ಷವಾದರೆ ಸುಮಾರು 8,045. ಎರಡನೆಯದು ಹಗುರವೆನಿಸುತ್ತದೆ. ಆದರೆ ಒಟ್ಟು ಬಡ್ಡಿ ಮೊದಲನೆಯದರಲ್ಲಿ ಸುಮಾರು 1.23 ಲಕ್ಷ, ಎರಡನೆಯದರಲ್ಲಿ 1.76 ಲಕ್ಷ. ‘ತಿಂಗಳಿಗೆ ಎಷ್ಟು’ ಎಂದು ಕೇಳುವವರು ‘ಒಟ್ಟು ಎಷ್ಟು’ ಎಂದೂ ಕೇಳಬೇಕು. ಜಾಹೀರಾತಿನ ಎಕ್ಸ್‌ಶೋರೂಂ ಬೆಲೆಯಲ್ಲಿ ರಸ್ತೆ ತೆರಿಗೆ, ನೋಂದಣಿ, ವಿಮೆ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಹೊಸ ಮುಖ ಬರುವಾಗ ಹಳೆಯ ಮುಖದ ಕಾರುಗಳನ್ನು ರಿಯಾಯಿತಿಯಲ್ಲಿ ಮಾರುವುದು ವಾಡಿಕೆ. ಎರಡರ ದರಪಟ್ಟಿಯನ್ನೂ ತನ್ನಿ. ಕಾಗದದ ಮೇಲೆ ಮೂರು ಗೆರೆ ಎಳೆಯಿರಿ: ಬದಲಾದದ್ದು, ಬದಲಾಗದ್ದು, ಕಾನೂನಿನಿಂದ ಹೇಗೂ ಬರಬೇಕಾದದ್ದು. ಮೊದಲ ಪಟ್ಟಿಯಲ್ಲಿ ನಿಮ್ಮ ಮನೆಗೆ ನಿಜವಾಗಿ ಬೇಕಾದದ್ದರ ಕೆಳಗೆ ಗುರುತು ಹಾಕಿ. ಆ ಗುರುತುಗಳಿಗೆ ಕೇಳಿದ ಹಣ ಸರಿಯೆನಿಸಿದರೆ ಹೊಸದನ್ನು ಕೊಳ್ಳಿರಿ. ಇಲ್ಲವಾದರೆ ಹಳೆಯ ಮುಖವೇ ಸಾಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತದೆ ನಮ್ಮ ಗಾದೆ. ಹಾಗೆಂದು ಹಾಲನ್ನೇ ಕುಡಿಯಬಾರದೆಂದು ಅದರ ಅರ್ಥವಲ್ಲ. ರುಚಿ ನೋಡಿ ಕುಡಿಯಬೇಕು, ಅಷ್ಟೆ.