ಮುಟ್ಟು ನಿಲ್ಲುವ ಕಾಲ
(ಅನಕಾಪಲ್ಲಿಯಲ್ಲಿ ನಮ್ಮ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು, ವೈದ್ಯಳಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ತವರಿನಲ್ಲಿದ್ದರೆ ಇಂಥ ಮಾತನ್ನು ಅಮ್ಮನೋ ಅತ್ತಿಗೆಯೋ ಹಿತ್ತಲಲ್ಲಿ ಕುಳಿತು ಹೇಳಿಕೊಡುತ್ತಿದ್ದರು. ಬೆಲ್ಲದ ಪೇಟೆಗೆ ಹೆಸರಾದ ಈ ಊರಿಗೆ ಉದ್ಯೋಗದ ನಿಮಿತ್ತ ಬಂದ ನಮಗೆ ಆ ಹಿತ್ತಲು ದೂರವಾಯಿತು.

ಮುಟ್ಟು ನಿಲ್ಲುವುದು ರೋಗವಲ್ಲ. ಹೆಣ್ಣಿನ ಅಂಡಾಶಯಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಹುಟ್ಟುತ್ತವೆ. ನಲವತ್ತು ದಾಟುವ ಸುಮಾರಿಗೆ ಇವು ಒಂದು ತಿಂಗಳು ಏರಿ, ಇನ್ನೊಂದು ತಿಂಗಳು ಇಳಿದು, ಕೆಲವು ವರ್ಷ ಹೊಯ್ದಾಡಿ ಕೊನೆಗೆ ತಗ್ಗುತ್ತವೆ. ಮುಟ್ಟು ಹಿಂದುಮುಂದಾಗುವುದು, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು, ಸಣ್ಣ ಮಾತಿಗೂ ಕಣ್ಣು ತುಂಬುವುದು ಈ ಹೊಯ್ದಾಟದ ಫಲ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತೆಂದು ವೈದ್ಯರು ಎಣಿಸುತ್ತಾರೆ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46-47ರ ವಯಸ್ಸಿಗೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. "ಮಕ್ಕಳಾಗಿವೆಯಲ್ಲ, ಇನ್ನು ಗರ್ಭಕೋಶವೇಕೆ, ತೆಗೆಸಿಬಿಡಿ" ಎನ್ನುವವರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ ಸುಮಾರು 3. ಆಂಧ್ರಪ್ರದೇಶದಲ್ಲಿ ಸುಮಾರು 9, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಅನಗತ್ಯ ಶಸ್ತ್ರಕ್ರಿಯೆಯನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಆದೇಶಿಸಿತು.

ಹಾರ್ಮೋನು ತಗ್ಗುವುದು ಅಂಡಾಶಯದಲ್ಲಿ. ಆದುದರಿಂದ ಗರ್ಭಕೋಶ ತೆಗೆದ ಮಾತ್ರಕ್ಕೆ ಮೈಬಿಸಿ ಹೋಗದು. ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆ ಮೆಲ್ಲನೆ ಬರಬೇಕಾದುದು ಒಮ್ಮೆಗೇ ಬಂದೆರಗುತ್ತದೆ. ಮೂಳೆಯ ಗಟ್ಟಿತನವೆಂಬ ಠೇವಣಿಯನ್ನು ಕಾಯುವುದೂ ಈಸ್ಟ್ರೋಜನ್ನೇ. ಅದು ಬೇಗ ಹೋದಷ್ಟೂ ಠೇವಣಿ ಬೇಗ ಕರಗುತ್ತದೆ.

ಶಸ್ತ್ರಕ್ರಿಯೆಯೇ ಬೇಕಾದ ರೋಗಗಳೂ ಉಂಟು. ಆದರೆ ಸಹಿ ಹಾಕುವ ಮುನ್ನ ಕೇಳಿ: ಯಾವ ರೋಗಕ್ಕಾಗಿ? ಔಷಧದಿಂದ ಆಗದೆ? ಅಂಡಾಶಯ ಉಳಿಯುವುದೆ? ಇನ್ನೊಬ್ಬ ವೈದ್ಯರನ್ನೂ ಕಾಣಿ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಸರಕಾರಿ ಆಸ್ಪತ್ರೆ ನಮಗೆ ದೂರವಲ್ಲ. ಬಾಧೆ ಹೆಚ್ಚಿದ್ದರೆ ಹಾರ್ಮೋನು ಚಿಕಿತ್ಸೆಯೂ ಉಂಟು; ಅದು ಎಲ್ಲರಿಗೂ ಒಗ್ಗದು, ವೈದ್ಯರೇ ನೋಡಿ ಕೊಡಬೇಕು. ಅತಿಸ್ರಾವವಾದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ತಡಮಾಡದೆ ತೋರಿಸಿ. ರಾಗಿಯನ್ನು ಬಿಡಬೇಡಿ, ನಡಿಗೆಯನ್ನೂ ಬಿಡಬೇಡಿ.

ಭಾಷೆ ಬಾರದೆಂದು ಅಳುಕಬೇಕಾಗಿಲ್ಲ. ತೆಲುಗರು ಇದನ್ನು 'ಮುಟ್ಲು ಉಡಿಗಿಪೋವಡಂ' ಎನ್ನುತ್ತಾರೆ. ಮುಟ್ಟು ನಮ್ಮದೇ ಮಾತು. ಶಕ್ತಿ ಉಡುಗಿತು ಎಂಬಲ್ಲಿಯ ಉಡುಗುವುದೂ ನಮ್ಮದೇ. ಬಾಯಿಬಿಟ್ಟರೆ ಇಲ್ಲಿನ ಡಾಕ್ಟರಮ್ಮನಿಗೆ ಅರ್ಥವಾಗುತ್ತದೆ.

ಸಭೆಯಲ್ಲಿರುವ ಗಂಡಸರಿಗೂ ಒಂದು ಬಿನ್ನಹ: ಮನೆಯಾಕೆ ರಾತ್ರಿ ಎದ್ದು ಕುಳಿತರೆ, ಸಿಡುಕಿದರೆ, ಏನಾಗುತ್ತಿದೆಯೆಂದು ಕೇಳಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಪರಊರಿನಲ್ಲಿ ನಮಗೆ ನಾವೇ ತವರಾಗಬೇಕು.