ಹಗ್ಗ ಎಳೆಯುವ ಮುನ್ನ



ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳಿದವನು ಮರ ಕೊಯ್ಯುವ ಯಂತ್ರದ ವಿಷಯವಾಗಿ ಮಾತನಾಡಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನಿವೃತ್ತನಾದ ಮೇಲೆ ನಾನು ಮಲೆನಾಡಿನ ನನ್ನ ಹಳ್ಳಿಗೆ ಹಿಂದಿರುಗಿದೆ. ಅಲ್ಲಿ ಒಂದಿಷ್ಟು ಅಡಿಕೆ ತೋಟ ಉಂಟು. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ ಉಂಟು. ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ನಡುನಡುವೆ ಅಕೇಶಿಯಾ. ಮಳೆಗಾಲದ ಗಾಳಿಗೆ ಇವುಗಳಲ್ಲಿ ಒಂದಲ್ಲ ಒಂದು ಪ್ರತಿವರ್ಷವೂ ಬೀಳುತ್ತದೆ. ಬಿದ್ದ ಮರವನ್ನು ತೆಗೆಸದೆ ವಿಧಿಯಿಲ್ಲ. ತೆಗೆಯಲು ಬರುವವರು ಈಗ ಕೊಡಲಿ ತರುವುದಿಲ್ಲ, ‘ಮಿಷನ್’ ತರುತ್ತಾರೆ. ಆ ಮಿಷನ್ನೇ ಚೈನ್ ಸಾ, ಎಂದರೆ ಸರಪಳಿ ಗರಗಸ. ಅದನ್ನು ಹಿಡಿಯುವ ಕ್ರಮವನ್ನು ನಾನು ಅರವತ್ತು ದಾಟಿದ ಮೇಲೆ ನಮ್ಮೂರಿನ ಅನುಭವಿಯೊಬ್ಬರಿಂದ ಕಲಿತೆ. ಕಲಿತದ್ದನ್ನು ಹೇಳುವ ಮೇಷ್ಟರ ಚಾಳಿ ನಿವೃತ್ತಿಯಿಂದ ಹೋಗುವಂಥದಲ್ಲ.

ಗರಗಸ ಎಂಬ ಮಾತು ಸಂಸ್ಕೃತದ ‘ಕ್ರಕಚ’ದಿಂದ ಬಂದದ್ದು. ಕ್ರಕಚ ಎಂದು ಉಚ್ಚರಿಸಿದರೆ ಸಾಕು, ಮರ ಕೊಯ್ಯುವ ಸದ್ದು ಕೇಳಿದಂತಾಗುತ್ತದೆ. ಅಮರಕೋಶದಲ್ಲಿ ಇದಕ್ಕೆ ‘ಕರಪತ್ರ’ ಎಂಬ ಇನ್ನೊಂದು ಹೆಸರೂ ಉಂಟು. ಇಂದು ನಾವು ಸಭೆಗಳಲ್ಲಿ ಹಂಚುವ ಕರಪತ್ರ ಯಾರನ್ನೂ ಕೊಯ್ಯುವುದಿಲ್ಲವೆನ್ನಿ! ಹೆಸರಿನಲ್ಲಿ ‘ಕರ’ ಇರುವುದನ್ನು ಮಾತ್ರ ಗಮನಿಸಬೇಕು. ಹಳೆಯ ಗರಗಸ ಕೈಯ ಬಲದಿಂದ, ಕೈಯ ವೇಗದಿಂದ ನಡೆಯುತ್ತಿತ್ತು. ಕೈ ಸೋತರೆ ಅದೂ ನಿಲ್ಲುತ್ತಿತ್ತು. ಕೊಡಲಿಯೂ ಹಾಗೆಯೇ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಮನುಷ್ಯನಿಗೆ ಒಂದು ಉಸಿರಿನ ಬಿಡುವು. ಆ ಬಿಡುವಿನಲ್ಲಿ ಅವನು ಮರದ ತುದಿಯನ್ನು ನೋಡುತ್ತಿದ್ದ, ಕಾಲಿನ ನೆಲೆಯನ್ನು ಸರಿಪಡಿಸಿಕೊಳ್ಳುತ್ತಿದ್ದ. ದಣಿವೇ ಅವನಿಗೆ ಎಚ್ಚರಿಕೆಯ ಗುರುವಾಗಿತ್ತು. ಯಂತ್ರ ದಣಿವನ್ನು ಕಡಿಮೆ ಮಾಡಿತು. ಅದರೊಡನೆ ಆ ಗುರುವನ್ನೂ ಕಳುಹಿಸಿಬಿಟ್ಟಿತು.

ಈ ಯಂತ್ರದ ವೇಗವನ್ನು ತುಸು ಲೆಕ್ಕ ಹಾಕಿ ನೋಡೋಣ. ಪೂರ್ಣ ವೇಗದಲ್ಲಿ ಇದರ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರಿನಂತೆ ಓಡುತ್ತದೆ. ಅಪಾಯವನ್ನು ಕಂಡು ಕೈ ಹಿಂತೆಗೆಯಲು ಮನುಷ್ಯನಿಗೆ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ 5 ಮೀಟರ್ ಸರಪಳಿ ಹಾದುಹೋಗಿರುತ್ತದೆ. ಸಾಧಾರಣ ಯಂತ್ರದಲ್ಲಿ ಇದು ಇಡೀ ಸರಪಳಿಯ ನಾಲ್ಕು ಸುತ್ತು. ಅಂದಮೇಲೆ ‘ಅಪಾಯ ಬಂದಾಗ ನೋಡಿಕೊಳ್ಳೋಣ’ ಎಂಬ ಮಾತು ಇಲ್ಲಿ ಸಲ್ಲದು. ನೋಡಿಕೊಳ್ಳುವುದೆಲ್ಲ ಮೊದಲೇ ಮುಗಿದಿರಬೇಕು. ನಾನು ಇಂದು ಹೇಳಬೇಕೆಂದಿರುವುದು ಈ ಒಂದೇ ಮಾತು.

ಇದರ ಚರಿತ್ರೆಯೂ ಸ್ವಾರಸ್ಯವಾದದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಮೂಳೆ ಕೊಯ್ಯಲು ಹಲ್ಲುಳ್ಳ ಸಣ್ಣ ಸರಪಳಿಯೊಂದನ್ನು ರೂಪಿಸಿದರು. ಮರ ಕೊಯ್ಯುವ ವಿದ್ಯುತ್ ಸರಪಳಿ ಗರಗಸವನ್ನು ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ತಯಾರಿಸಿದ. ಅದರ ತೂಕ 60 ಕಿಲೋಗೂ ಹೆಚ್ಚು. ಇಬ್ಬರು ಸೇರದೆ ಅದನ್ನು ನಡೆಸುವಂತಿರಲಿಲ್ಲ. 1946ರಲ್ಲಿ ಅಮೆರಿಕದ ಆರೆಗನ್ ಪ್ರಾಂತ್ಯದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಸೌದೆಯಲ್ಲಿದ್ದ ಒಂದು ಮರದ ಹುಳುವನ್ನು ನೋಡುತ್ತ ನಿಂತ. ಆ ಹುಳು ತನ್ನ ಬಾಗಿದ ದವಡೆಗಳಿಂದ ನಾರಿನ ಜಾಡಿನಲ್ಲೂ ಅಡ್ಡಕ್ಕೂ ಒಂದೇ ಸಲೀಸಿನಿಂದ ಕೊರೆಯುತ್ತಿತ್ತು. ಅದನ್ನು ಕಂಡು ಅವನು ರೂಪಿಸಿದ ಹಲ್ಲಿನ ಮಾದರಿಯೇ ಇಂದಿನ ಸರಪಳಿಗಳಿಗೂ ಮೂಲ. ಕಾಲಕ್ರಮದಲ್ಲಿ ತೂಕ ಇಳಿಯಿತು. ನಮ್ಮ ತೋಟಗಳಲ್ಲಿ ಕಾಣುವ ಯಂತ್ರಗಳು ಐದಾರು ಕಿಲೋ ಇದ್ದರೆ ಹೆಚ್ಚು. ಇಬ್ಬರ ಕೆಲಸ ಒಬ್ಬನದಾಯಿತು. ಇದು ಲಾಭವೇ ನಿಜ. ಆದರೆ ಇಬ್ಬರಿದ್ದಾಗ ಒಬ್ಬನ ಮೇಲೆ ಇನ್ನೊಬ್ಬನ ಕಣ್ಣಿರುತ್ತಿತ್ತು. ಆ ಎರಡನೆಯ ಕಣ್ಣನ್ನು ಈಗ ನಾವೇ ಬುದ್ಧಿಪೂರ್ವಕವಾಗಿ ಒದಗಿಸಿಕೊಳ್ಳಬೇಕು. ಯಂತ್ರದೊಡನೆ ಒಂಟಿಯಾಗಿ ಕಾಡಿಗೆ ಹೋಗಬಾರದೆಂಬ ನಿಯಮ ಹುಟ್ಟಿದ್ದು ಹೀಗೆ.

ಹಗ್ಗ ಎಳೆಯುವ ಮುನ್ನ ಮಾಡಬೇಕಾದುದು ಏನು? ಮೊದಲನೆಯದು ಉಡುಪು. ತಲೆಗೆ ಗಟ್ಟಿಯಾದ ಟೊಪ್ಪಿ, ಕಣ್ಣಿಗೆ ಕನ್ನಡಕ ಅಥವಾ ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಿಗೆ, ಕೈಗೆ ಕೈಚೀಲ, ಕಾಲಿಗೆ ಜಾರದ ಗಟ್ಟಿ ಬೂಟು. ಇದರ ಸದ್ದು ನೂರು ಡೆಸಿಬಲ್ ಮೀರುತ್ತದೆ. ಕಿವಿ ಮುಚ್ಚದೆ ವರ್ಷಗಟ್ಟಲೆ ದುಡಿದವನಿಗೆ ಮುಂದೆ ಮೊಮ್ಮಕ್ಕಳ ಮಾತು ಕೇಳಿಸದು. ಕಾಲುಗಳ ರಕ್ಷಣೆಗೆ ವಿಶೇಷವಾದ ಷರಾಯಿ ಉಂಟು. ಅದರ ಒಳಪದರಗಳಲ್ಲಿ ಉದ್ದನೆಯ ಗಟ್ಟಿ ನೂಲು ತುಂಬಿರುತ್ತದೆ. ಸರಪಳಿ ತಗುಲಿದರೆ ಆ ನೂಲು ಹೊರಬಂದು, ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಸರಪಳಿಯನ್ನು ನಿಲ್ಲಿಸಿಬಿಡುತ್ತದೆ. ಕಬ್ಬಿಣವನ್ನು ನೂಲು ಕಟ್ಟಿಹಾಕುವ ಈ ಉಪಾಯವನ್ನು ನಾನು ಬಹುವಾಗಿ ಮೆಚ್ಚಿದ್ದೇನೆ. ನಮ್ಮ ಕಡೆ ಕಾಣುವುದಾದರೋ ಹವಾಯಿ ಚಪ್ಪಲಿ, ಮೇಲಕ್ಕೆ ಕಟ್ಟಿದ ಲುಂಗಿ, ಹೆಗಲ ಮೇಲೊಂದು ಟವಲು. ಜೋಲುವ ಬಟ್ಟೆ ಸರಪಳಿಗೆ ಕೊಟ್ಟ ಆಹ್ವಾನ.

ಎರಡನೆಯದು ಯಂತ್ರದ ಪರೀಕ್ಷೆ. ಎಂಜಿನ್ ಆರಿರುವಾಗಲೇ, ಕೈಚೀಲ ಹಾಕಿಕೊಂಡು ಸರಪಳಿಯನ್ನು ಕೈಯಿಂದ ಎಳೆದು ನೋಡಬೇಕು. ಅದು ಬಾರಿನ ಕೆಳ ಅಂಚಿಗೆ ಅಂಟಿಕೊಂಡಿರಬೇಕು. ಆದರೂ ಸಲೀಸಾಗಿ ಸರಿಯಬೇಕು. ಜೋತುಬಿದ್ದ ಸರಪಳಿ ಕಳಚಿ ಹಾರಬಹುದು. ಹಲ್ಲು ಮೊಂಡಾಗಿದ್ದರೆ ದುಂಡನೆಯ ಅರದಿಂದ ಹರಿತ ಮಾಡಬೇಕು. ಹರಿತವಾದ ಹಲ್ಲು ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡ ಹಲ್ಲು ಹಿಟ್ಟನ್ನು ಉದುರಿಸುತ್ತದೆ. ಹಿಟ್ಟು ಕಂಡರೆ ಕೆಲಸಗಾರ ಯಂತ್ರವನ್ನು ಬಲವಾಗಿ ಒತ್ತಲು ತೊಡಗುತ್ತಾನೆ; ಒತ್ತುವವನು ಬಹುಬೇಗ ಆಯ ತಪ್ಪುತ್ತಾನೆ. ಪೆಟ್ರೋಲಿಗೆ ಟೂ ಟಿ ಎಣ್ಣೆಯನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್. ಸರಪಳಿಗೆ ಹಾಕುವ ಎಣ್ಣೆಯ ಪಾತ್ರೆ ಬೇರೆ, ಅದನ್ನೂ ತುಂಬಬೇಕು. ಬಿಸಿ ಯಂತ್ರಕ್ಕೆ ಪೆಟ್ರೋಲ್ ಸುರಿಯಬಾರದು. ಸುರಿದ ಜಾಗದಲ್ಲಿಯೇ ಚಾಲೂ ಮಾಡಲೂ ಬಾರದು. ಹತ್ತು ಅಡಿಯಾದರೂ ಆಚೆಗೆ ಹೋಗಬೇಕು. ಬೀಡಿಯ ಮಾತಂತೂ ಬೇಡವೇ ಬೇಡ.

ಇನ್ನು ಚಾಲೂ ಮಾಡುವುದು. ಹಿಡಿಕೆಯ ಮುಂದೆ ಅಡ್ಡಲಾಗಿ ನಿಂತಿರುವ ಕಾಪಿನ ಪಟ್ಟಿಯೇ ಚೈನ್ ಬ್ರೇಕಿನ ಸನ್ನೆ. ಮೊದಲು ಅದನ್ನು ಮುಂದಕ್ಕೆ ತಳ್ಳಿ ಬ್ರೇಕ್ ಹಾಕಬೇಕು. ಯಂತ್ರವನ್ನು ಸಮನಾದ ನೆಲದ ಮೇಲಿಟ್ಟು, ಬಾರಿನ ತುದಿ ಏನನ್ನೂ ಮುಟ್ಟದಂತೆ ನೋಡಿಕೊಳ್ಳಬೇಕು. ಎಡಗೈ ಮುಂದಿನ ಹಿಡಿಕೆಯನ್ನು ಒತ್ತಿ ಹಿಡಿಯಲಿ. ಬಲಗಾಲ ಬೂಟಿನ ತುದಿ ಹಿಂದಿನ ಹಿಡಿಕೆಯೊಳಗೆ ಸೇರಿ ಅದುಮಲಿ. ಬಲಗೈ ಹಗ್ಗ ಎಳೆಯಲಿ. ತಣ್ಣಗಿರುವ ಎಂಜಿನ್ನಿಗೆ ಚೋಕ್ ಬೇಕು. ಎರಡು ಮೂರು ಎಳೆತಕ್ಕೆ ಅದು ಒಮ್ಮೆ ಕೆಮ್ಮುತ್ತದೆ. ಆ ಕೆಮ್ಮು ಕೇಳಿದೊಡನೆ ಚೋಕನ್ನು ಹಿಂದಕ್ಕೆ ತರಬೇಕು. ಇನ್ನೊಮ್ಮೆ ಎಳೆದರೆ ಹೊತ್ತಿಕೊಳ್ಳುತ್ತದೆ. ನಮ್ಮ ಹುಡುಗರು ಅನೇಕರು ಯಂತ್ರವನ್ನು ಎಡಗೈಯಲ್ಲಿ ಗಾಳಿಯಲ್ಲಿ ಎತ್ತಿ ಹಿಡಿದು, ಕೆಳಕ್ಕೆ ಜಾರಿಬಿಡುತ್ತ ಬಲಗೈಯಿಂದ ಹಗ್ಗ ಎಳೆಯುತ್ತಾರೆ. ನೋಡಲು ಠೀವಿಯಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ ಯಂತ್ರ ಯಾರ ಹಿಡಿತದಲ್ಲೂ ಇರುವುದಿಲ್ಲ. ಚಾಲೂ ಆದ ಮೇಲೆ ಇನ್ನೊಂದನ್ನು ಗಮನಿಸಬೇಕು. ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಒತ್ತದೆ ಇರುವಾಗ ಸರಪಳಿ ತಿರುಗದೆ ನಿಂತಿರಬೇಕು. ತಿರುಗಿದರೆ ಅಂದಿನ ಕೆಲಸ ಮರದ ಬಳಿ ಅಲ್ಲ, ಮೆಕ್ಯಾನಿಕ್ಕಿನ ಬಳಿ.

ಹಿಡಿಯುವ ಕ್ರಮವೂ ನಿಯತವಾದದ್ದೇ. ಬಲಗೈ ಹಿಂದೆ, ಎಡಗೈ ಮುಂದೆ. ಎಡಚರಿಗೂ ಇದೇ ನಿಯಮ. ಎಡಗೈಯ ಹೆಬ್ಬೆರಳು ಹಿಡಿಕೆಯ ಕೆಳಗಿನಿಂದ ಬಳಸಿ ಬಂದಿರಬೇಕು. ಕಾಲು ಅಗಲಿಸಿ, ಮೈಯನ್ನು ಬಾರಿನ ನೇರದಿಂದ ತುಸು ಎಡಕ್ಕೆ ಸರಿಸಿ ನಿಲ್ಲಬೇಕು. ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬಾರದು. ಏಣಿಯ ಮೇಲಂತೂ ಕೂಡದು. ನಾಲ್ಕು ಹೆಜ್ಜೆ ನಡೆಯಬೇಕಾದರೂ ಬ್ರೇಕ್ ಹಾಕಬೇಕು. ದೂರವಾದರೆ ಎಂಜಿನ್ ಆರಿಸಬೇಕು.

ಇಷ್ಟೊಂದು ನಿಯಮ ಏತಕ್ಕೆ? ಬಾರಿನ ತುದಿಯ ಮೇಲ್ಭಾಗದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಜಾಗವಿದೆ. ಓಡುವ ಸರಪಳಿ ಆ ಜಾಗದಲ್ಲಿ ಮರಕ್ಕೆ ತಾಗಿದರೆ ಮುಂದೆ ಕೊಯ್ಯಲಾರದು. ಎಂಜಿನ್ನಿನ ಬಲವೆಲ್ಲ ತಿರುಗಿಬಿದ್ದು ಬಾರು ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖದ ಕಡೆಗೇ ಚಿಮ್ಮುತ್ತದೆ. ಇಂಗ್ಲಿಷಿನಲ್ಲಿ ಇದು ಕಿಕ್‌ಬ್ಯಾಕ್. ನಾವು ‘ಹಿಂದೊದೆತ’ ಎನ್ನೋಣ. ಚೈನ್ ಬ್ರೇಕ್ ಇರುವುದು ಮುಖ್ಯವಾಗಿ ಇದಕ್ಕಾಗಿ. ನೆರೆಯ ಊರಿನ ಒಬ್ಬ ತರುಣನ ಎಡ ಹೆಗಲಿನಿಂದ ಕತ್ತಿನವರೆಗೆ ಒಂದು ಉದ್ದನೆಯ ಕಲೆ ಇದೆ. ಅಂದು ಮರ ಉರುಳಿಸುವ ಕಷ್ಟದ ಕೆಲಸ ಮುಗಿದಿತ್ತಂತೆ. ರೆಂಬೆ ಸವರುವುದಷ್ಟೇ ಉಳಿದಿತ್ತು. ಎಲೆಗಳ ಮರೆಯಲ್ಲಿದ್ದ ಇನ್ನೊಂದು ಕೊಂಬೆಗೆ ಬಾರಿನ ತುದಿ ತಾಗಿತು. ‘ಅದು ಬಂದದ್ದೇ ನಂಗೆ ಕಾಣ್ಲಿಲ್ಲ ಮೇಷ್ಟ್ರೆ’ ಎಂದು ಅವನು ನನಗೆ ಹೇಳಿದ. ಅವನು ಕೆಲಸ ಬಲ್ಲವನೇ, ಧೈರ್ಯಕ್ಕೂ ಕೊರತೆಯಿರಲಿಲ್ಲ. ಕಾಣುವಷ್ಟು ಸಮಯವೇ ಅಲ್ಲಿ ಇರಲಿಲ್ಲ. ಅವನು ಬದುಕಿದ, ಆದರೆ ಎಡಗೈ ಈಗ ಹೆಗಲಿನ ಮಟ್ಟಕ್ಕೆ ಏರುವುದಿಲ್ಲ.

ಮಲೆನಾಡಿನಲ್ಲಿ ನಿಂತ ಮರಕ್ಕಿಂತ ಬಿದ್ದ ಮರದ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಬಿದ್ದ ಮರ ಸತ್ತ ಹಾಗೆ ಕಾಣುತ್ತದೆ; ಅದರ ಒಳಗೆ ಸೆಳೆತ ಜೀವಂತವಾಗಿರುತ್ತದೆ. ಎರಡು ತುದಿಗೂ ಆಸರೆಯಿರುವ ದಿಮ್ಮಿಯ ಮೇಲ್ಭಾಗ ಅದುಮಿಕೊಂಡಿರುತ್ತದೆ, ಕೆಳಭಾಗ ಹಿಗ್ಗಿರುತ್ತದೆ. ಮೇಲಿನಿಂದಲೇ ಕೊಯ್ಯುತ್ತ ಹೋದರೆ ಸೀಳು ಮುಚ್ಚಿಕೊಂಡು ಬಾರನ್ನು ಕಚ್ಚಿ ಹಿಡಿಯುತ್ತದೆ. ಮೇಲಿನಿಂದ ಮೂರನೆಯ ಒಂದು ಭಾಗ ಕೊಯ್ದು, ಉಳಿದುದನ್ನು ಕೆಳಗಿನಿಂದ ಕೊಯ್ಯಬೇಕು. ಒಂದೇ ತುದಿಗೆ ಆಸರೆಯಿದ್ದರೆ ಕ್ರಮ ತಲೆಕೆಳಗು. ಬೇರು ಸಮೇತ ಕಿತ್ತುಬಿದ್ದ ಮರದ ಕಾಂಡವನ್ನು ಕತ್ತರಿಸಿದೊಡನೆ ಬುಡ ಮಣ್ಣಿನ ಭಾರಕ್ಕೆ ಎದ್ದು ಮತ್ತೆ ಗುಂಡಿಯಲ್ಲಿ ಕೂರಬಹುದು. ಆ ಗುಂಡಿಯ ಹತ್ತಿರ ಯಾರೂ, ಮುಖ್ಯವಾಗಿ ನೋಡಲು ಬಂದ ಮಕ್ಕಳು, ನಿಲ್ಲಕೂಡದು.

ಇಲ್ಲಿಯವರೆಗೆ ಹೇಳಿದ್ದು ಯಂತ್ರ ಹಿಡಿಯುವವರಿಗೆ. ಆದರೆ ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳು. ಊರಿನಲ್ಲಿ ತೋಟ ಉಳ್ಳವರು, ಹಿತ್ತಲಲ್ಲಿ ಒಣಗಿದ ತೆಂಗೋ ಮಾವೋ ಉಳ್ಳವರು. ನೀವು ಯಂತ್ರವನ್ನು ಮುಟ್ಟದೆ ಇರಬಹುದು. ಮುಟ್ಟುವವನನ್ನು ಕರೆಯುವವರು ನೀವೇ. ಅವನಿಗೆ ಕೂಲಿ ಗೊತ್ತುಮಾಡುವಾಗ ‘ಮಧ್ಯಾಹ್ನದೊಳಗೆ ಮುಗಿಸಿಬಿಡಪ್ಪ’ ಎಂದು ನಾವು ಸಹಜವಾಗಿ ಹೇಳಿಬಿಡುತ್ತೇವೆ. ಸರಪಳಿಯನ್ನು ಹರಿತ ಮಾಡುತ್ತ ಕುಳಿತಿದ್ದರೆ ಸೋಮಾರಿತನವೆಂದು ಭಾವಿಸುತ್ತೇವೆ. ಇಬ್ಬರು ಬಂದರೆ ‘ಒಬ್ಬ ಸಾಲದೆ?’ ಎಂದು ಚೌಕಾಸಿ ಮಾಡುತ್ತೇವೆ. ಹೀಗೆ ಮಾಡಿದಾಗಲೆಲ್ಲ ಅವನ ಎಚ್ಚರದ ಹೊತ್ತನ್ನು ನಾವು ಕದ್ದುಕೊಂಡಂತಾಗುತ್ತದೆ. ಅಪಾಯ ಘಟಿಸಿದರೆ ಆಸ್ಪತ್ರೆ ದೂರ. ಕಲೆ ಉಳಿಯುವುದು ನಮ್ಮ ಮೈಮೇಲಲ್ಲ.

ಆದ್ದರಿಂದ ಮುಂದಿನ ಸಲ ಮಿಷನ್ನಿನವನು ನಿಮ್ಮ ಅಂಗಳಕ್ಕೆ ಬಂದಾಗ ಮೂರೇ ಪ್ರಶ್ನೆ ಕೇಳಿ: ಜೊತೆಗೆ ಯಾರಿದ್ದಾರೆ? ಕಾಲಿಗೆ ಏನಿದೆ? ಬ್ರೇಕ್ ಹಿಡಿಯುತ್ತದೆಯೆ? ಮೂರಕ್ಕೂ ಉತ್ತರ ಸರಿಯಾಗಿದ್ದರೆ ಅವನಿಗೊಂದು ಲೋಟ ಕಾಫಿ ಕೊಟ್ಟು, ಅವಸರವಿಲ್ಲವೆಂದು ಹೇಳಿ. ಹಗ್ಗ ಎಳೆಯುವ ಮುನ್ನ ಅವನು ತೆಗೆದುಕೊಳ್ಳುವ ಹತ್ತು ನಿಮಿಷವೂ ಕೂಲಿಯ ಲೆಕ್ಕಕ್ಕೆ ಸೇರಲಿ.