ಟರ್ಬೊ ಎಂಜಿನಿನ ನಿಟ್ಟುಸಿರು

ಟರ್ಬೊ ಕೂಡಿಸಿದ ಕಾರನ್ನು ನಡೆಸುವವನು ಗೇರು ಬದಲಿಸಲೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ, ಕಾರು ‘ಉಸ್ಸ್’ ಎಂದು ನಿಟ್ಟುಸಿರು ಬಿಡುವುದನ್ನು ನೀವು ಕೇಳಿರಬಹುದು. ಅದು ಬ್ಲೋ-ಆಫ್ ವಾಲ್ವಿನ ಸದ್ದು. ವಾಲ್ವನ್ನು ನಾವು ಪಾಠದಲ್ಲಿ ಕವಾಟವೆನ್ನುತ್ತೇವೆ, ಕವಾಟವೆಂದರೆ ಕದ. ಈ ಕದವನ್ನು ತೆರೆಯುವವರು ಯಾರು?

1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಪೇಟೆಂಟು ಪಡೆದ ಉಪಾಯ ಟರ್ಬೊ. ಎಂಜಿನು ಹೊರಗೆ ಬಿಸುಡುವ ಹೊಗೆಯಿಂದಲೇ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರಬಲ್ಲ ಈ ಚಕ್ರ ಕಾಲು ತೆಗೆದಾಕ್ಷಣ ನಿಂತೀತೆ? ಥ್ರಾಟಲ್ ಮುಚ್ಚಿಕೊಂಡರೂ ಗಾಳಿ ಬರುತ್ತಲೇ ಇರುತ್ತದೆ. ದಾರಿ ಕಾಣದೆ ಹಿಮ್ಮರಳಿ ಚಕ್ರವನ್ನೇ ಬಡಿಯುತ್ತದೆ. ಇದನ್ನು ತಪ್ಪಿಸಲೆಂದೇ ನಡುವೆ ಕವಾಟ.

ಒತ್ತಡ ಮಿತಿಮೀರಿದಾಗ ಇದು ಕೆರೆಯ ಕೋಡಿಯಂತೆ ಹರಿಯುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಒತ್ತಡವನ್ನು ಮಿತಿಯಲ್ಲಿಡುವುದು ವೇಸ್ಟ್‌ಗೇಟ್ ಎಂಬ ಬೇರೊಂದರ ಕೆಲಸ. ನಮ್ಮ ಕವಾಟ ಥ್ರಾಟಲಿನ ಎರಡು ಬದಿಗಳನ್ನು ತೂಗಿ ನೋಡುತ್ತದೆ. ಅದರ ನೆತ್ತಿಯಲ್ಲಿ ರಬ್ಬರಿನ ಪೊರೆ ಮತ್ತು ಸ್ಪ್ರಿಂಗು. ಅಲ್ಲಿಂದ ಸಣ್ಣ ಕೊಳವೆಯೊಂದು ಥ್ರಾಟಲಿನ ಆಚೆ, ಎಂಜಿನಿನ ಬದಿಗೆ. ಥ್ರಾಟಲ್ ತೆರೆದಿದ್ದಾಗ ಎರಡು ಕಡೆಯ ಒತ್ತಡವೂ ಹೆಚ್ಚು ಕಡಮೆ ಸಮ. ಸ್ಪ್ರಿಂಗು ಕದವನ್ನು ಮುಚ್ಚಿ ಹಿಡಿದಿರುತ್ತದೆ. ಥ್ರಾಟಲ್ ಮುಚ್ಚಿದೊಡನೆ ಪಿಸ್ಟನ್ನುಗಳ ಹೀರುವಿಕೆಯಿಂದ ಆಚೆ ಬದಿಯಲ್ಲಿ ನಿರ್ವಾತ ಉಂಟಾಗುತ್ತದೆ. ಕೆಳಗಿನಿಂದ ಗಾಳಿಯ ನೂಕು, ಮೇಲಿನಿಂದ ನಿರ್ವಾತದ ಸೆಳೆತ, ಕದ ತೆರೆಯಲೇಬೇಕು.

ಈಚಿನ ಅನೇಕ ಕಾರುಗಳಲ್ಲಿ, ತೂಬಿಗೆ ನೀರಗಂಟಿಯನ್ನು ನೇಮಿಸಿದಂತೆ, ಕಂಪ್ಯೂಟರೇ ವಿದ್ಯುತ್ಕಾಂತದ ಮೂಲಕ ಕದ ತೆರೆಸುತ್ತದೆ. ಫೋಕ್ಸ್‌ವ್ಯಾಗನ್ನಿನ ಹಲವು 1.8 ಲೀಟರ್ ಟರ್ಬೊ ಎಂಜಿನುಗಳಲ್ಲಿ ನಡುವಣ ಏರ್ಪಾಡಿತ್ತು: ಪೊರೆ ಹಳೆಯದೇ, ಡಬ್ಬಿಯಲ್ಲಿ ಕೂಡಿಟ್ಟ ನಿರ್ವಾತವನ್ನು ಅದಕ್ಕೆ ಒದಗಿಸುವ ಅಪ್ಪಣೆ ಮಾತ್ರ ಕಂಪ್ಯೂಟರಿನದು. ಡೀಸೆಲ್ ಕಾರಿನವರಿಗೆ ಸಾಮಾನ್ಯವಾಗಿ ಈ ತೊಡಕೇ ಇಲ್ಲ. ಅಲ್ಲಿ ಶಕ್ತಿಯ ಹತೋಟಿ ಎಣ್ಣೆಯ ಅಳತೆಯಿಂದ.

ಸದ್ದಿನ ಮೋಹದಿಂದ ಗಾಳಿಯನ್ನು ಬಯಲಿಗೆ ಬಿಡುವ ಕವಾಟ ಹಾಕಿಸುವ ತರುಣರುಂಟು. ಟರ್ಬೊವಿಗೆ ಮೊದಲೇ ಗಾಳಿಯನ್ನು ಅಳೆಯುವ ಕಾರುಗಳಿಗೆ ಇದು ಸಲ್ಲದು. ಅಳೆದ ಗಾಳಿಗೆ ತಕ್ಕ ಪೆಟ್ರೋಲು ಸುರಿದಾಗಿರುತ್ತದೆ, ಗಾಳಿಯೋ ಬೀದಿಪಾಲು! ಎಂಜಿನು ಮುಗ್ಗರಿಸುತ್ತದೆ, ಕಪ್ಪು ಹೊಗೆಯನ್ನೂ ಕಾರೀತು. ಅದಕ್ಕಾಗಿಯೇ ಅಂಥ ಕಾರುಗಳ ತಯಾರಕರು ಆ ಗಾಳಿಯನ್ನು ಮರಳಿ ಟರ್ಬೊವಿನ ಬಾಯಿಗೇ ಉಣಿಸುತ್ತಾರೆ. ಸದ್ದು ಕಡಮೆ, ಲೆಕ್ಕ ಸರಿ.

ಪೊರೆ ರಬ್ಬರಿನದಾದ್ದರಿಂದ ಕಾಲಕ್ರಮದಲ್ಲಿ ಹರಿಯುವುದುಂಟು; ಆಗ ಒತ್ತಿದ ಗಾಳಿ ಸೋರಿ ಕಾರಿನ ಕಸುವು ಕುಗ್ಗುತ್ತದೆ. ಟರ್ಬೊವನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಹಣ ತೆರುವ ಮುನ್ನ ಆ ಪೊರೆಯನ್ನೂ ಸಣ್ಣ ಕೊಳವೆಯನ್ನೂ ಒಮ್ಮೆ ಬಿಚ್ಚಿ ತೋರಿಸಲು ಕೇಳಿರಿ.